ಸಂಧಿಸೌಖ್ಯವೂ ಜೀವಸತ್ವಗಳ ಆಯ್ಕೆಯೂ



ಬಬಲೇಶ್ವರದ ಸುತ್ತಲಿನ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ಬಲಿತಾಗ ಅದನ್ನು ಬೇರುಸಹಿತ ಕೀಳುವ ಪದ್ಧತಿಯು ಸಭೆಯಲ್ಲಿರುವವರಿಗೆಲ್ಲ ವಿದಿತವಾದದ್ದೇ ಇದೆ. ಬೆಳಗಿನಿಂದ ಹೊತ್ತು ಇಳಿಯುವವರೆಗೆ ಬಗ್ಗಿ ಕೀಳಬೇಕು, ಕುಕ್ಕರಗಾಲಿನಲ್ಲಿ ಕುಳಿತು ತೆನೆ ಮುರಿಯಬೇಕು, ಸಿವುಡು ಕಟ್ಟಿ ಹೊರಬೇಕು. ತಿಕೋಟಾದ ಕಡೆಗೆ ದ್ರಾಕ್ಷಿಯ ತೋಟಗಳು ಹೆಚ್ಚಿದ ಮೇಲೆ ಕೈಯೆತ್ತಿ ನಿಂತು ಮಾಡುವ ಕೆಲಸವೂ ಅದಕ್ಕೆ ಕೂಡಿಕೊಂಡಿತು. ಹೀಗೆ ನಾಲ್ವತ್ತು ಐವತ್ತು ವರ್ಷ ದುಡಿದ ದೇಹಗಳಲ್ಲಿ ಮೊದಲು ದಣಿವನ್ನು ತೋರಿಸುವದು ಮೊಳಕಾಲು. ಅದು ಮುನಿದರೆ ಹೊಲದ ಕಾಯಕ ಮಾತ್ರ ನಿಲ್ಲುವದಿಲ್ಲ. ಇಷ್ಟಲಿಂಗಪೂಜೆಗೆ ಚಕ್ಕಳಬಕ್ಕಳ ಹಾಕಿ ಕೂಡ್ರುವದು ಕಠಿಣವಾಗುತ್ತದೆ, ದಾಸೋಹದ ಪಂಕ್ತಿಯಲ್ಲಿ ಕುಳಿತವರು ಎದ್ದೇಳಲು ಪಕ್ಕದವರ ಭುಜ ಹಿಡಿಯಬೇಕಾಗುತ್ತದೆ. ಈ ಸಂಕಟವನ್ನು ಕಳೆಯಲೆಂದೇ ಅನೇಕ ಮನೆಗಳಲ್ಲಿ ಗೂಡಿನ ತುಂಬ ಸೀಸೆಗಳು ಕೂಡಿರುತ್ತವೆ. ಅವುಗಳಲ್ಲಿ ಯಾವುದು ಕೊಳ್ಳತಕ್ಕದ್ದು, ಯಾವುದು ಬಿಡತಕ್ಕದ್ದು, ಎಂಬುದೇ ಇಂದಿನ ಉಪನ್ಯಾಸದ ವಿಷಯವು.

ಜೀವಸತ್ವವೆಂಬ ಅರ್ಥದ ವಿಟಮಿನ್ ಎಂಬ ಶಬ್ದವನ್ನು ಪೋಲೆಂಡ್ ದೇಶದಲ್ಲಿ ಜನಿಸಿದ ಕಾಸಿಮಿರ್ ಫಂಕ್ ಎಂಬ ವಿಜ್ಞಾನಿಯು 1912ರಲ್ಲಿ ಬಳಕೆಗೆ ತಂದನು. ಆಹಾರದಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಕೆಲವು ವಸ್ತುಗಳು ಇಲ್ಲದೆ ಹೋದರೆ ದೇಹವು ರೋಗಕ್ಕೆ ಈಡಾಗುವದೆಂಬುದೇ ಆ ಕಲ್ಪನೆಯ ತಿರುಳು. ಇದನ್ನು ಸರಿಯಾಗಿ ಗ್ರಹಿಸಿದರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಜೀವಸತ್ವವು ಕೊರತೆಯನ್ನು ತುಂಬುವ ವಸ್ತುವು. ಕೊರತೆಯಿದ್ದಲ್ಲಿ ಅದರ ಗುಣ ಅದ್ಭುತ. ಕೊರತೆಯಿಲ್ಲದಲ್ಲಿ ಇನ್ನಷ್ಟು ಸುರಿದರೆ, ತುಂಬಿದ ಹಗೇವಿಗೆ ಮತ್ತೆ ಜೋಳ ಸುರಿದಂತೆಯೇ ಸರಿ.

ಮೊಳಕಾಲಿನಲ್ಲಿ ಎರಡು ಎಲುವುಗಳು ಕೂಡುವಲ್ಲಿ ಅವುಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆಯಿರುತ್ತದೆ. ಅದರ ನಡುವೆ ಎಣ್ಣೆಯಂತಹ ದ್ರವವಿದ್ದು, ಚಲನೆಗೆ ಅನುಕೂಲ ಮಾಡಿಕೊಡುತ್ತದೆ. ಈ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಅದು ಸ್ಪಂಜಿನಂತೆ, ಭಾರ ಬಿದ್ದಾಗ ದ್ರವವನ್ನು ಹೊರಗೆ ಬಿಟ್ಟು, ಭಾರ ತೆಗೆದಾಗ ಹೀರಿಕೊಂಡು, ಅದರಿಂದಲೇ ತನ್ನ ಪೋಷಣೆಯನ್ನು ಪಡೆಯುತ್ತದೆ. ಆದುದರಿಂದ ಒಮ್ಮೆ ಸವೆದ ಮೃದ್ವಸ್ಥಿಯು ಮುರಿದ ಎಲುವಿನ ಹಾಗೆ ಮರಳಿ ಕೂಡಿ ಬೆಳೆಯುವದಿಲ್ಲ. ವಯಸ್ಸು, ಮೈಭಾರ, ಹಳೆಯ ಪೆಟ್ಟು, ದುಡಿಮೆಯ ರೀತಿ, ವಂಶದ ಗುಣ, ಇವು ಸವೆತದ ಸಂಧಿವಾತಕ್ಕೆ ಕಾರಣಗಳು. ಒಂದು ಜೀವಸತ್ವದ ಅಭಾವವೇ ಅದಕ್ಕೆ ಮೂಲವೆಂದು ಯಾರೂ ಸಿದ್ಧಪಡಿಸಿಲ್ಲ.

ಅಲ್ಲದೆ ಕೀಲುನೋವೆಲ್ಲ ಸವೆತವಲ್ಲ. ಎರಡೂ ಕೈಗಳ ಸಣ್ಣ ಸಂಧಿಗಳು ಬಾತು, ಬೆಳಿಗ್ಗೆ ಎದ್ದ ಮೇಲೆ ಅರ್ಧ ತಾಸಿಗಿಂತ ಹೆಚ್ಚು ಕಾಲ ಬೆರಳುಗಳು ಬಿಗಿದಿದ್ದರೆ ಅದು ದೇಹದ ರಕ್ಷಣಾಶಕ್ತಿಯೇ ತನ್ನ ಸಂಧಿಗಳ ಮೇಲೆ ತಿರುಗಿಬಿದ್ದ ಬೇರೊಂದು ರೋಗವಾಗಿರಬಹುದು. ಹೆಬ್ಬೆರಳಿನ ಬುಡವು ರಾತ್ರೋರಾತ್ರಿ ಕೆಂಪಗೆ ಊದಿಕೊಂಡರೆ ಯೂರಿಕ್ ಆಮ್ಲದ ಬಾಧೆಯಿರಬಹುದು. ಜ್ವರದೊಡನೆ ಒಂದೇ ಸಂಧಿಯು ಬಿಸಿಯಾಗಿ ಊದಿದ್ದರೆ ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಕೀವು ತುಂಬಿದ ಸಂಧಿಯು ಕೆಲವೇ ದಿನಗಳಲ್ಲಿ ಹಾಳಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡು ಗ್ರಾಮದಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಸಂಧಿರೋಗವು ಕೆಲವು ಬಡ ಕುಟುಂಬಗಳ ಸೊಂಟ ಮೊಳಕಾಲುಗಳನ್ನು ಕುಗ್ಗಿಸಿತು. ಅದು ವಂಶಪಾರಂಪರ್ಯವಾಗಿ ಬರುವದೆಂದು ಮುಂದೆ ತಿಳಿದುಬಂದಿತು. ಅಂತಹ ರೋಗಕ್ಕೆ ಯಾವ ಸೀಸೆಯ ಸತ್ವವೂ ನಾಟದು.

ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗುವಂತಿಲ್ಲ. ಮೇಲೆ ಹೇಳಿದ ಕೈಸಂಧಿಗಳ ರೋಗಕ್ಕೆ ವೈದ್ಯರು ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ಕೊಡುತ್ತಾರೆ. ಅದರ ದುಷ್ಪರಿಣಾಮ ತಗ್ಗಲೆಂದು ಫೋಲಿಕ್ ಆಮ್ಲವೆಂಬ ಜೀವಸತ್ವವನ್ನು ಜೊತೆಗೆ ಬರೆಯುತ್ತಾರೆ. ಜೀವಸತ್ವವು ನಿಶ್ಚಿತವಾಗಿ ಉಪಯೋಗಕ್ಕೆ ಬರುವ ಸ್ಥಳವಿದು. ಆದರೆ ವಾರದ ಗುಳಿಗೆಯನ್ನು ನಿತ್ಯ ತಿಂದು ಪ್ರಾಣ ಕಳೆದುಕೊಂಡವರಿದ್ದಾರೆ. ಓದುಬಾರದ ಹಿರಿಯರಿದ್ದ ಮನೆಯಲ್ಲಿ ಗುಳಿಗೆಯ ವಾರವನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಡುವದು ಮಕ್ಕಳ ಕರ್ತವ್ಯ.

ಇನ್ನು ಅತಿ ಹೆಚ್ಚು ಮಾರಾಟವಾಗುವ ಸಂಧಿಸತ್ವಗಳ ವಿಚಾರ. ಗ್ಲುಕೋಸಮೈನ್, ಕಾಂಡ್ರಾಯ್ಟಿನ್ ಎಂಬಿವು ಮೃದ್ವಸ್ಥಿಯಲ್ಲಿ ಸಹಜವಾಗಿಯೇ ಇರುವ ವಸ್ತುಗಳು. ಇದ್ದ ವಸ್ತುವನ್ನೇ ತಿಂದರೆ ಸವೆದದ್ದು ಬೆಳೆಯಬೇಕಲ್ಲವೇ, ಎಂಬ ತರ್ಕವು ಕಿವಿಗೆ ಇಂಪಾಗಿದೆ. ಈ ತರ್ಕವನ್ನು ಅಮೇರಿಕೆಯ ಸರಕಾರದ ಆರೋಗ್ಯ ಸಂಸ್ಥೆಗಳು ಹಣ ಹಾಕಿ ಪರೀಕ್ಷಿಸಿದವು. ಅದರ ಫಲವು 2006ರಲ್ಲಿ ಪ್ರಕಟವಾಯಿತು. ಮೊಳಕಾಲು ನೋವಿನ 1,583 ಜನರನ್ನು ಐದು ಗುಂಪು ಮಾಡಿ 24 ವಾರ ನೋಡಿದರು. ಒಂದು ಗುಂಪಿಗೆ ಗ್ಲುಕೋಸಮೈನ್, ಒಂದಕ್ಕೆ ಕಾಂಡ್ರಾಯ್ಟಿನ್, ಒಂದಕ್ಕೆ ಎರಡೂ ಕೂಡಿಸಿ, ಒಂದಕ್ಕೆ ನೋವುನಿವಾರಕ ಗುಳಿಗೆ. ಐದನೆಯದಕ್ಕೆ ಔಷಧವೇ ಇಲ್ಲದ ಪೊಳ್ಳು ಗುಳಿಗೆ. ಯಾರಿಗೆ ಯಾವುದು ದೊರೆತಿದೆಯೆಂಬುದು ರೋಗಿಗಳಿಗೂ ತಿಳಿಯದು, ಕೊಡುವವರಿಗೂ ತಿಳಿಯದು.

ನೋವು ಐದರಲ್ಲಿ ಒಂದು ಪಾಲಾದರೂ ತಗ್ಗಿದವರು ಎಷ್ಟೆಂದು ಎಣಿಸಿದಾಗ, ಪೊಳ್ಳು ಗುಳಿಗೆ ತಿಂದವರಲ್ಲಿ ನೂರಕ್ಕೆ 60 ಜನ! ಗ್ಲುಕೋಸಮೈನ್ ತಿಂದವರಲ್ಲಿ 64, ಕಾಂಡ್ರಾಯ್ಟಿನ್ ತಿಂದವರಲ್ಲಿ 65, ಎರಡೂ ತಿಂದವರಲ್ಲಿ 67, ನೋವುನಿವಾರಕ ತಿಂದವರಲ್ಲಿ 70. ಸತ್ವಗಳಿಗೂ ಪೊಳ್ಳಿಗೂ ನಡುವಿನ ಅಂತರವು ಆಕಸ್ಮಿಕವೆನ್ನಬಹುದಾದಷ್ಟು ಸಣ್ಣದು. ಬಹಳ ನೋವಿದ್ದ ಚಿಕ್ಕ ಗುಂಪಿನಲ್ಲಿ ಎರಡೂ ಕೂಡಿಸಿದಾಗ ಹೆಚ್ಚು ಗುಣ ಕಂಡಂತಾಗಿತ್ತು ನಿಜ. ಆದರೆ ಎರಡು ವರ್ಷಗಳ ಮುಂದುವರಿಕೆಯಲ್ಲಿ ಅದಕ್ಕೆ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಇಂಗ್ಲಂಡಿನ ಸರಕಾರಿ ವೈದ್ಯ ಮಾರ್ಗದರ್ಶಿಯು 2022ರಲ್ಲಿ ಸವೆತದ ಸಂಧಿವಾತಕ್ಕೆ ಗ್ಲುಕೋಸಮೈನ್ ಬರೆಯಬಾರದೆಂದು ಸ್ಪಷ್ಟವಾಗಿ ಹೇಳಿತು. ಅಮೇರಿಕೆಯ ಸಂಧಿವೈದ್ಯರ ಪರಿಷತ್ತೂ ಮೊಳಕಾಲಿನ ವಿಷಯದಲ್ಲಿ ಹಾಗೆಯೇ ಹೇಳಿದೆ.

ಆ 60ರ ಅಂಕಿಯ ಮೇಲೆ ತುಸು ನಿಂತು ಆಲೋಚಿಸತಕ್ಕದ್ದಿದೆ. ಸವೆತದ ನೋವು ಅಮಾವಾಸ್ಯೆ ಹುಣ್ಣಿಮೆಗಳಂತೆ ಏರುತ್ತದೆ, ಇಳಿಯುತ್ತದೆ. ನೋವು ಶಿಖರಕ್ಕೇರಿದ ದಿನವೇ ಮನುಷ್ಯನು ಔಷಧದಂಗಡಿಯ ಮೆಟ್ಟಿಲು ಹತ್ತುತ್ತಾನೆ. ಮರುತಿಂಗಳು ಅದು ತಾನಾಗಿಯೇ ಇಳಿದಾಗ ಕೀರ್ತಿಯು ಸೀಸೆಗೆ ಹೋಗುತ್ತದೆ. ಗುಳಿಗೆ ತಿಂದೆನೆಂಬ ಭರವಸೆಯೂ ನೋವನ್ನು ಕೆಲಮಟ್ಟಿಗೆ ತಗ್ಗಿಸುವದುಂಟು. ಹೀಗಿರಲು “ನೆರೆಮನೆಯ ಕಾಕಾಗೆ ಗುಣವಾಯಿತು” ಎಂಬ ಸಾಕ್ಷಿಯು ಸುಳ್ಳಲ್ಲ. ಆದರೆ ಅದು ಸೀಸೆಯ ಪರವಾದ ಸಾಕ್ಷಿಯೂ ಅಲ್ಲ.

ಶ್ರೀಮಠದ ಭಕ್ತರಿಗೆ ಈ ಸೀಸೆಗಳಲ್ಲಿ ಇನ್ನೊಂದು ಪ್ರಶ್ನೆಯೂ ಅಡಗಿದೆ. ಗ್ಲುಕೋಸಮೈನನ್ನು ಬಹುತರವಾಗಿ ಏಡಿ ಸೀಗಡಿಗಳ ಚಿಪ್ಪಿನಿಂದ ತೆಗೆಯುತ್ತಾರೆ; ಕಾಂಡ್ರಾಯ್ಟಿನನ್ನು ದನ, ಹಂದಿ, ಶಾರ್ಕ್ ಮೀನುಗಳ ಮೃದ್ವಸ್ಥಿಯಿಂದ. ಕೊಲಾಜನ್ ಎಂಬ ಪುಡಿಯು ದನ, ಹಂದಿ, ಮೀನುಗಳ ಚರ್ಮ ಎಲುವುಗಳಿಂದ ಬರುವದು. ಮೀನೆಣ್ಣೆಯ ಮೂಲವನ್ನು ಹೆಸರೇ ಹೇಳುತ್ತದೆ. ಒಳಗಿನ ವಸ್ತುವು ಸಸ್ಯದ್ದಾದರೂ ಹೊರಗಿನ ಮೆತ್ತನೆಯ ಕೋಶವು ಪ್ರಾಣಿಗಳ ಎಲುವು ಚರ್ಮಗಳಿಂದ ಮಾಡಿದ ಜಿಲೆಟಿನ್ ಆಗಿರಬಹುದು. ಪ್ರಸಾದದ ಶುದ್ಧತೆಯನ್ನು ಇಷ್ಟು ಕಟ್ಟುನಿಟ್ಟಾಗಿ ಕಾಯುವ ಮನೆಗಳಲ್ಲಿ ಕೂಡ ಗುಳಿಗೆಯ ಮೂಲವನ್ನು ಕೇಳುವ ರೂಢಿಯಿಲ್ಲ. ಆಹಾರದ ಕಾನೂನಿನಂತೆ ಮಾರುವ ಪೊಟ್ಟಣದ ಮೇಲೆ ಸಸ್ಯಾಹಾರಕ್ಕೆ ಚೌಕದೊಳಗಿನ ಹಸಿರು ದುಂಡು, ಮಾಂಸಮೂಲದ್ದಕ್ಕೆ ಚೌಕದೊಳಗಿನ ಕಂದು ತ್ರಿಕೋನ ಗುರುತು ಇರುವದು. ಔಷಧವೆಂದು ಮಾರುವ ಗುಳಿಗೆಯ ಮೇಲೆ ಈ ಗುರುತು ಕಾಣದಿರಬಹುದು. ಆಗ ಅಂಗಡಿಕಾರನನ್ನು ಕೇಳಿ, ಘಟಕಗಳ ಪಟ್ಟಿಯನ್ನು ಓದಿಸಿಕೊಳ್ಳತಕ್ಕದ್ದು. 2016ರ ನಿಯಮಗಳಂತೆ ಇಂತಹ ಪೂರಕಗಳ ಮೇಲೆ ‘ಔಷಧೀಯ ಉಪಯೋಗಕ್ಕಲ್ಲ’ ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆಯೂ ಅಚ್ಚಾಗಿರಬೇಕು. ಮುಂದುಗಡೆ ಓಡುವ ಮುದುಕನ ಚಿತ್ರ, ಹಿಂದುಗಡೆ ಸಣ್ಣ ಅಕ್ಷರದಲ್ಲಿ ಈ ಒಕ್ಕಣೆ! ಎರಡನ್ನೂ ಓದುವವರು ವಿರಳ.

ಹಾಗಾದರೆ ಕೊಳ್ಳತಕ್ಕದ್ದೇನೂ ಇಲ್ಲವೋ ಎಂದರೆ, ಇದೆ, ಅದು ಕೊರತೆಯಿದ್ದವರಿಗೆ. ಮೊದಲನೆಯದು ಡಿ ಜೀವಸತ್ವ. ಇದನ್ನು ಚರ್ಮವು ಬಿಸಿಲಿನಿಂದ ತಾನೇ ತಯಾರಿಸಿಕೊಳ್ಳುತ್ತದೆ. ವಿಜಯಪುರದ ನಾಡಿನಲ್ಲಿ ಬಿಸಿಲಿಗೆ ಬರವೇ ಎಂದು ನಗೆ ಬರಬಹುದು. ಆದರೂ ಮೈತುಂಬ ಸೆರಗು ಹೊದ್ದು ಒಳಮನೆಯಲ್ಲಿಯೇ ದಿನ ಕಳೆಯುವ ಮುತ್ತಜ್ಜಿಗೆ, ಹಾಸಿಗೆ ಹಿಡಿದವರಿಗೆ, ದಿನವಿಡೀ ಅಂಗಡಿ ಕಚೇರಿಗಳ ಗಾಜಿನ ಹಿಂದೆ ಇರುವವರಿಗೆ ಅದು ದೊರೆಯದು; ಬೇಕಾದ ಕಿರಣವು ಗಾಜನ್ನು ದಾಟುವದಿಲ್ಲ. ಈ ಜೀವಸತ್ವವು ಕಡಿಮೆಯಾದರೆ ಎಲುವು ಮೆದುವಾಗುತ್ತದೆ, ತೊಡೆಯ ಸ್ನಾಯುಗಳು ಬಲಗುಂದುತ್ತವೆ, ನೆಲದಿಂದೇಳುವದು ಕಷ್ಟವಾಗುತ್ತದೆ. ಅದನ್ನೇ ಮೊಳಕಾಲಿನ ಸವೆತವೆಂದು ತಿಳಿದು ವರ್ಷಗಟ್ಟಲೆ ತೈಲ ತಿಕ್ಕುವವರುಂಟು. ಇಂಥವರಿಗೆ ಜೀವಸತ್ವವು ನಿಜವಾದ ಉಪಕಾರಿ. ಆದರೆ ಸವೆದ ಮೊಳಕಾಲಿನ 146 ಜನರಿಗೆ ಅಮೇರಿಕೆಯಲ್ಲಿ ಎರಡು ವರ್ಷ ಡಿ ಜೀವಸತ್ವ ಕೊಟ್ಟು ನೋಡಿದ, 2013ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ನೋವೂ ತಗ್ಗಲಿಲ್ಲ, ಸವೆತವೂ ನಿಲ್ಲಲಿಲ್ಲ. ಎಲುವಿನ ಕೊರತೆಗೆ ಮದ್ದಾದದ್ದು ಸಂಧಿಯ ಸವೆತಕ್ಕೆ ಮದ್ದಾಗಲಿಲ್ಲ.

ಪ್ರಮಾಣದ ವಿಷಯದಲ್ಲಿ ಬಹು ಜಾಗರೂಕತೆ ಬೇಕು. ವಯಸ್ಕರಿಗೆ ದಿನಕ್ಕೆ 600 ಅಂತರರಾಷ್ಟ್ರೀಯ ಮಾನ ಸಾಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು 2020ರಲ್ಲಿ ನಿರ್ಣಯಿಸಿದೆ. ವೈದ್ಯರ ನಿಗಾ ಇಲ್ಲದೆ 4,000ವನ್ನು ಮೀರಕೂಡದು. ಅಂಗಡಿಯಲ್ಲಿ ದೊರೆಯುವ ದೊಡ್ಡ ಗುಳಿಗೆ ಅಥವಾ ಪುಡಿಯ ಚೀಟಿಯಲ್ಲಿಯಾದರೋ 60,000 ಮಾನವಿರುತ್ತದೆ. ಅದು ವಾರಕ್ಕೊಮ್ಮೆ, ಕೆಲವು ವಾರ ಮಾತ್ರ ತೆಗೆದುಕೊಳ್ಳತಕ್ಕದ್ದು. ಅದನ್ನು ನಿತ್ಯ ಹಾಲಿನಲ್ಲಿ ಬೆರೆಸಿ ಕುಡಿದರೆ ರಕ್ತದಲ್ಲಿ ಸುಣ್ಣಾಂಶವು ಏರಿ ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಮತಿಭ್ರಮೆ, ಕಡೆಗೆ ಮೂತ್ರಪಿಂಡಗಳ ಹಾನಿ. ನೀರಿನಲ್ಲಿ ಕರಗುವ ಸತ್ವಗಳಂತೆ ಇದು ಮೂತ್ರದಲ್ಲಿ ಹರಿದುಹೋಗುವದಿಲ್ಲ, ಮೇದಸ್ಸಿನಲ್ಲಿ ಕೂಡಿಕೊಂಡಿರುತ್ತದೆ. ಇದರ ಡಿ3 ಎಂಬ ರೂಪವನ್ನು ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತೆಗೆಯುತ್ತಾರೆ. ಕಲ್ಲುಹೂವಿನಿಂದ ತೆಗೆದ ಡಿ3 ಹಾಗೂ ಅಣಬೆ ಯೀಸ್ಟುಗಳ ಮೂಲದ ಡಿ2 ಸಹ ದೊರೆಯುತ್ತವೆ.

ಎರಡನೆಯದು ಬಿ12. ಇದು ಯಾವ ಕಾಯಿಪಲ್ಯೆಯಲ್ಲಿಯೂ ಯಾವ ಕಾಳಿನಲ್ಲಿಯೂ ಉಪಯುಕ್ತ ಪ್ರಮಾಣದಲ್ಲಿ ಇರುವದಿಲ್ಲ. ಶಾಕಾಹಾರಿಗಳಿಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಆಧಾರ. ಹೈನು ಕಡಿಮೆಯಾಗಿ ಚಹವೇ ಹೆಚ್ಚಾದ ಮನೆಗಳಲ್ಲಿ ಇದರ ಅಭಾವ ಸಹಜವಾಗಿಯೇ ಬರುತ್ತದೆ. ಸಕ್ಕರೆ ರೋಗಕ್ಕೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ಬಹುಕಾಲ ತಿನ್ನುವವರಲ್ಲಿ ಇನ್ನೂ ಹೆಚ್ಚು. ಪಾದಗಳು ಜೋಮುಗಟ್ಟುವದು, ಇರುವೆ ಹರಿದಂತಾಗುವದು, ಕತ್ತಲೆಯಲ್ಲಿ ನಡೆಯುವಾಗ ತಾಳ ತಪ್ಪುವದು, ರಕ್ತಹೀನತೆ, ಇವು ಇದರ ಲಕ್ಷಣಗಳು. ಇವನ್ನು ‘ವಾತ’ವೆಂದು ಹೇಳಿ ಸಂಧಿಯ ಸೀಸೆ ಕೊಡಿಸಿದರೆ ನರಗಳ ಹಾನಿಯು ಮುಂದುವರಿಯುತ್ತದೆ. ಫೋಲಿಕ್ ಆಮ್ಲವನ್ನು ಮಾತ್ರ ತಿಂದರೆ ರಕ್ತಹೀನತೆ ಮರೆಯಾಗಿ ನರದ ಹಾನಿ ಗುಟ್ಟಾಗಿ ಬೆಳೆಯುವ ಅಪಾಯವೂ ಇದೆ. ಗುಳಿಗೆಯ ಬಿ12 ಸೂಕ್ಷ್ಮಜೀವಿಗಳಿಂದ ತಯಾರಾಗುವದರಿಂದ ಶಾಕಾಹಾರಿಗಳಿಗೆ ಅಡ್ಡಿಯಿಲ್ಲ. ಬಬಲೇಶ್ವರದ ಶಾಕಾಹಾರಿ ಹಿರಿಯರು ಒಂದೇ ರಕ್ತಪರೀಕ್ಷೆ ಮಾಡಿಸಲು ಹಣವಿದ್ದರೆ, ಅದನ್ನು ಇದಕ್ಕೆ ಮಾಡಿಸುವದು ಯೋಗ್ಯ.

ಸುಣ್ಣಾಂಶದ ವಿಷಯದಲ್ಲಿ ಅಡುಗೆಮನೆಯು ಅಂಗಡಿಗಿಂತ ಮೇಲು. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ, ಮುಟ್ಟು ನಿಂತ ಮಾತೆಯರಿಗೆ 1,200 ಬೇಕು. ಜೋಳದಲ್ಲಿ ಅದು ಅತ್ಯಲ್ಪ, ನೂರು ಗ್ರಾಂಗೆ ಮೂವತ್ತಕ್ಕೂ ಒಳಗೆ. ಅರ್ಧ ಲೀಟರ್ ಎಮ್ಮೆಯ ಹಾಲಿನಲ್ಲಿ ಸುಮಾರು 600 ಇದೆ. ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರಕ್ಕೂ ಮೇಲು, ಆದರೆ ಸಿಪ್ಪೆಯ ಕಾರಣ ಎಲ್ಲವೂ ಮೈಗೂಡುವದಿಲ್ಲ. ನುಗ್ಗೆಯ ಸೊಪ್ಪು, ರಾಗಿ ಸಹ ಉತ್ತಮ. ಸಂಕ್ರಾಂತಿಗೆ ಎಳ್ಳು ಹಚ್ಚಿ ಸಜ್ಜೆ ರೊಟ್ಟಿ ತಟ್ಟಿದ ತಾಯಂದಿರು ಈ ಲೆಕ್ಕ ಅರಿಯದೆಯೇ ಒಳ್ಳೆಯದನ್ನು ಮಾಡಿದರು. ಅದನ್ನು ಒಂದು ಹಬ್ಬಕ್ಕೆ ಮಾತ್ರ ಸೀಮಿತಗೊಳಿಸಿದ್ದೇ ಕೊರತೆ. ಗುಳಿಗೆ ಬೇಕೇಬೇಕಾದರೆ ಒಮ್ಮೆಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಬೇಡ. ಥೈರಾಯಿಡ್ ಗುಳಿಗೆಗೂ ಇದಕ್ಕೂ ನಾಲ್ಕು ತಾಸು ಅಂತರವಿರಲಿ. ಕಬ್ಬಿಣದ ಗುಳಿಗೆಯನ್ನೂ ಇದರೊಡನೆ ನುಂಗಬಾರದು. ಹರಳು ಕಟ್ಟಿದ ಚರಿತ್ರೆಯುಳ್ಳವರು ವೈದ್ಯರನ್ನು ಕೇಳದೆ ಮುಟ್ಟಬಾರದು.

ಅರಿಶಿನದ ಸತ್ವದ ಬಗ್ಗೆ ಸಣ್ಣ ಸಣ್ಣ ಪರೀಕ್ಷೆಗಳು ತುಸು ಗುಣ ತೋರಿಸಿವೆ. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ, ಮೆಣಸಿನ ಸತ್ವ ಬೆರೆಸಿ ಹತ್ತಾರು ಪಟ್ಟು ಸಾಂದ್ರಗೊಳಿಸಿದ ಗುಳಿಗೆಗೂ ಬಹಳ ಭೇದವಿದೆ; ಅಂತಹ ಗುಳಿಗೆಗಳಿಂದ ಯಕೃತ್ತಿಗೆ ಬಾಧೆಯಾದ ಪ್ರಕರಣಗಳು ಇಟಲಿ ಮುಂತಾದ ದೇಶಗಳಲ್ಲಿ ದಾಖಲಾಗಿವೆ. ರಕ್ತ ತೆಳುಮಾಡುವ ವಾರ್ಫರಿನ್ ಗುಳಿಗೆ ತಿನ್ನುವವರು ಗ್ಲುಕೋಸಮೈನನ್ನೂ ಅರಿಶಿನ ಸತ್ವವನ್ನೂ ದೂರವಿಡತಕ್ಕದ್ದು. ಆದರೆ ಇವೆಲ್ಲಕ್ಕಿಂತ ಭಯಂಕರವಾದದ್ದು ಹೆಸರು ಚೀಟಿಗಳಿಲ್ಲದ ಪುಡಿಯ ಪೊಟ್ಟಣ. ಮೂರೇ ದಿನದಲ್ಲಿ ನೋವು ಮಾಯವಾದರೆ ಹಿಗ್ಗಬಾರದು, ಸಂಶಯಪಡಬೇಕು. ಇಂತಹ ಪುಡಿಗಳಲ್ಲಿ ಸ್ಟಿರಾಯ್ಡ್ ಬೆರೆಸಿದ್ದು ಭಾರತದಲ್ಲಿ ಪದೇ ಪದೇ ಪತ್ತೆಯಾಗಿದೆ. ಮುಖ ದುಂಡಗಾಗುವದು, ಸಕ್ಕರೆ ಏರುವದು, ಎಲುವು ಟೊಳ್ಳಾಗುವದು, ಸೊಂಟದ ಕೀಲಿನ ಎಲುವು ರಕ್ತವಿಲ್ಲದೆ ಸಾಯುವದು, ಇವು ಅದರ ಫಲ. ಬಹುಕಾಲ ತಿಂದವರು ಒಮ್ಮೆಲೇ ನಿಲ್ಲಿಸುವದೂ ಅಪಾಯ. ಪುಡಿಯನ್ನು ಹಿಡಿದುಕೊಂಡೇ ವೈದ್ಯರ ಬಳಿ ಹೋಗತಕ್ಕದ್ದು.

ಈ ಭಾಗದವರು ಸೀಸೆಗಿಂತ ಮುಂಚೆ ಪರೀಕ್ಷಿಸಬೇಕಾದದ್ದು ಕುಡಿಯುವ ನೀರು. 1937ರಲ್ಲಿ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ಬೆನ್ನು ಕುತ್ತಿಗೆಗಳು ಕಟ್ಟಿಗೆಯಂತೆ ಬಿಗಿದುಹೋದ ಜನರನ್ನು ಕಂಡ ಶಾರ್ಟ್ ಮೊದಲಾದ ವೈದ್ಯರು, ಅದಕ್ಕೆ ಬಾವಿಯ ನೀರಿನ ಫ್ಲೋರೈಡ್ ಕಾರಣವೆಂದು ತೋರಿಸಿಕೊಟ್ಟರು. ವಿಜಯಪುರ ಜಿಲ್ಲೆಯ ಕೆಲವು ಗ್ರಾಮಗಳ ಕೊಳವೆಬಾವಿಗಳಲ್ಲಿಯೂ ಫ್ಲೋರೈಡ್ ಮಿತಿಮೀರಿ ಇದೆ. ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಮಿನೊಳಗೆ ಇರಬೇಕು. ಬೇರೆ ನೀರು ಇಲ್ಲದಿದ್ದರೆ 1.5 ಕಡೆಯ ಮಿತಿ. ಚಿಕ್ಕಂದಿನಿಂದ ಆ ನೀರು ಕುಡಿದವರ ಹಲ್ಲುಗಳ ಮೇಲೆ ಕಂದು ಗೆರೆಗಳು, ಗಲ್ಲವನ್ನು ಎದೆಗೆ ತಾಗಿಸಲಾಗದಿರುವದು, ಬಗ್ಗಿ ಹೆಬ್ಬೆರಳು ಮುಟ್ಟಲಾಗದಿರುವದು, ಇವು ಕಂಡರೆ ಸಂಶಯ ತಾಳಬೇಕು. ನೀರು ಕುದಿಸಿದರೆ ಫ್ಲೋರೈಡ್ ಹೋಗದು, ನೀರು ಇಂಗಿ ಇನ್ನೂ ಸಾಂದ್ರವಾಗುವದು. ನದಿಯ ನೀರಿನ ನಳವಿದ್ದಲ್ಲಿ ಅದನ್ನೇ, ಇಲ್ಲದಿದ್ದಲ್ಲಿ ಶುದ್ಧೀಕರಣ ಘಟಕದ ನೀರನ್ನೇ ಕುಡಿಯಲಿಕ್ಕೂ ಅಡುಗೆಗೂ ಬಳಸತಕ್ಕದ್ದು. ಹಾಲು, ಎಳ್ಳುಗಳ ಸುಣ್ಣಾಂಶವು ಈ ವಿಷಕ್ಕೆ ಸ್ವಲ್ಪ ತಡೆಯೊಡ್ಡುತ್ತದೆ. ಆದರೆ ವಿಷದ ನೀರು ಕುಡಿಯುತ್ತಲೇ ಸತ್ವದ ಗುಳಿಗೆ ನುಂಗುವದು, ತೂತಿನ ಕೊಡಕ್ಕೆ ನೀರು ಹೊತ್ತಂತೆ.

ಸವೆತದ ಮೊಳಕಾಲಿಗೆ ಪ್ರಮಾಣಸಿದ್ಧವಾದ ಉಪಾಯಗಳಲ್ಲಿ ಮುಖ್ಯವಾದವು ಎರಡು, ಎರಡಕ್ಕೂ ಸೀಸೆ ಬೇಕಾಗಿಲ್ಲ. ಮೈಭಾರ ಹೆಚ್ಚಿದ್ದವರು ಒಂದು ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಳಕಾಲಿನ ಮೇಲಿನ ಒತ್ತಡವು ಸುಮಾರು ನಾಲ್ಕು ಕಿಲೋ ತಗ್ಗುವದೆಂದು 2005ರಲ್ಲಿ ಪ್ರಕಟವಾದ ಅಳತೆಗಳು ತೋರಿಸಿವೆ. ಇನ್ನೊಂದು ತೊಡೆಯ ಸ್ನಾಯುವನ್ನು ಬಲಪಡಿಸುವದು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವವರೆಗೆ ಬಿಗಿಹಿಡಿದು, ಮೆಲ್ಲನೆ ಇಳಿಸುವದು, ಹೀಗೆ ಹತ್ತು ಸಲ, ಬಳಿಕ ಇನ್ನೊಂದು ಕಾಲು, ಬೆಳಿಗ್ಗೆ ಸಂಜೆ. ಗುಣವು ವಾರದಲ್ಲಲ್ಲ, ಎರಡು ಮೂರು ತಿಂಗಳಲ್ಲಿ ಕಾಣುವದು. ನೋವಿದ್ದವರು ನೆಲದ ಮೇಲೆ ಕೂಡ್ರುವ ಹಟವನ್ನು ಬಿಟ್ಟು ಪೀಠದ ಮೇಲೆ ಕುಳಿತು ಲಿಂಗಪೂಜೆ ಮಾಡಿಕೊಂಡರೆ ಪೂಜೆಗೆ ಊನ ಬರುವದಿಲ್ಲ. ದಾಸೋಹದ ಪಂಕ್ತಿಯ ಒಂದು ಪಕ್ಕದಲ್ಲಿ ನಾಲ್ಕು ಬಾಂಕುಗಳನ್ನು ಹಾಕಿಸುವದೂ ಕಠಿಣವಾದ ಕೆಲಸವಲ್ಲ.

ಮನೆಯ ಹಿರಿಯರನ್ನು ಮುಂದಿನ ಸಲ ವಿಜಯಪುರದ ಆಸ್ಪತ್ರೆಗೆ ಕರೆದೊಯ್ಯುವಾಗ ಗೂಡಿನಲ್ಲಿರುವ ಸೀಸೆ, ಗುಳಿಗೆ, ಪುಡಿ, ಕಷಾಯಗಳೆಲ್ಲವನ್ನು ಒಂದು ಚೀಲದಲ್ಲಿ ತುಂಬಿಕೊಂಡು ಹೋಗಿ ವೈದ್ಯರ ಮೇಜಿನ ಮೇಲೆ ಸುರಿಯತಕ್ಕದ್ದು. ಯಾವುದು ಬೇಕು, ಯಾವುದು ಬೇಡ, ಯಾವುದು ಇನ್ನೊಂದರೊಡನೆ ಕೂಡದು ಎಂದು ಒಂದೊಂದನ್ನೇ ಕೇಳಿ, ಬೇಡವಾದದ್ದನ್ನು ಅಲ್ಲಿಯೇ ಬಿಟ್ಟು ಬರತಕ್ಕದ್ದು.